ಬ್ರೇಕರಿನ ಮೇಲೆ ಒಂದೇ ಬೀಗ

ಇಲ್ಲ ಅಂದೆನಲ್ಲ. ಇಲ್ಲ ಅಂದರೆ ಇಲ್ಲ. ಹಾಗೆ ಕೈ ಚಾಚಿಕೊಂಡು ನಿಂತಿದ್ದರೆ ಬೀಗದ ಕೈ ತಾನಾಗಿ ಹಾರಿ ಬಂದು ಅಂಗೈಯಲ್ಲಿ ಕೂರುತ್ತಾ? ನನ್ನ ಬೀಗ ಅದು. ನಾನು ಹಾಕಿದ್ದು, ನಾನೇ ತೆಗೀಬೇಕು, ನನಗೆ ಸರಿ ಅನ್ನಿಸಿದಾಗ ತೆಗೀತೀನಿ. ಅಲ್ಲಿಯವರೆಗೆ ಕಾರ್ಖಾನೆಗೆಲ್ಲ ಕರೆಂಟ್ ಬಿಡೋ ಆ ಬ್ರೇಕರನ್ನು ಯಾರೂ ಮುಟ್ಟೋ ಹಾಗಿಲ್ಲ. ಮ್ಯಾನೇಜರೂ ಇಲ್ಲ, ಮಾಲೀಕರೂ ಇಲ್ಲ, ನೀವೂ ಇಲ್ಲ. ಗಂಡ ಅಂತ ಈ ಕೋಣೆಯಲ್ಲಿ ರಿಯಾಯಿತಿ ಏನೂ ಕೊಟ್ಟಿಲ್ಲ ನಾನು. ಇಲ್ಲಿ ನಾನು ವಿದ್ಯುತ್ ವಿಭಾಗದ ಮುಖ್ಯಸ್ಥೆ, ನೀವು ಸ್ವಿಚ್ ಹಾಕೋ ಆಪರೇಟರ್. ಅಷ್ಟೇ.

ಯಾಕೆ ನಗ್ತಿದೀರಿ? ಮನೆಯಲ್ಲೂ ಅಷ್ಟೇ ತಾನೆ ಅಂತಾನಾ? ನಗಿ, ನಗಿ. ಮದುವೆಯಾದಾಗಿನಿಂದ ಇದೊಂದು ನಗು. ಬಾಯಿ ಬಿಡೋದಿಲ್ಲ, ಮೀಸೆಯ ತುದಿ ಮಾತ್ರ ಒಂಚೂರು ಅಲ್ಲಾಡುತ್ತೆ. ಅದಕ್ಕೆ ನಾವು ಅರ್ಥ ಹಚ್ಚಿಕೊಂಡು ಕೂತಿರಬೇಕು.

ಫೋನ್ ಬಡ್ಕೊಳ್ಳಲಿ ಬಿಡಿ. ಎತ್ತಬೇಡಿ. ಎತ್ತಬೇಡಿ ಅಂದೆ! ಆ ಮ್ಯಾನೇಜರ್ ಏನು ಹೇಳ್ತಾನೆ ಅಂತ ನನಗೆ ಗೊತ್ತು. "ಮೇಡಂ, ಕೆಲಸ ಮುಗೀತು ಅಂದ್ರಲ್ಲ, ಇನ್ನೂ ಕರೆಂಟ್ ಯಾಕೆ ಬಂದಿಲ್ಲ?" ಮೊದಲನೇ ಸಲ ಮೇಡಂ, ಎರಡನೇ ಸಲ ಅಮ್ಮಾ, ಮೂರನೇ ಸಲ ಬರೀ ಉಸಿರು. ಸ್ವಲ್ಪ ಹೊತ್ತಿನ ಹಿಂದೆ ಫೋನಿನಲ್ಲಿ ಏನಂದ, ಕೇಳಿಸ್ತಾ ನಿಮಗೆ? "ಒಂದು ಬೀಗಕ್ಕೋಸ್ಕರ ಇಡೀ ಕಾರ್ಖಾನೆ ಕೈಕಟ್ಟಿ ಕೂತಿದೆ." ಒಂದು ಬೀಗ ಅಂತೆ! ಪೆಟ್ಟಿಗೆ ಬೀಗದ ಹಾಗೆ! ಅವನೇ ಇಲ್ಲಿಗೆ ಬರಬೇಕು. ಬಂದು ಈ ಬಾಗಿಲಲ್ಲಿ ನಿಂತು, ದಯವಿಟ್ಟು ಅಂತ ಕೇಳಬೇಕು. ಆಮೇಲೆ ನೋಡೋಣ.

ಹೌದು, ಹಟಾನೇ. ನನ್ನ ಹಟ ನಿಮಗೆ ಹೊಸದಾ?

ಕೂತ್ಕೊಳ್ಳಿ. ಆ ಸ್ಟೂಲ್ ಎಳ್ಕೊಳ್ಳಿ. ಫ್ಯಾನಿಲ್ಲ, ಕಿಟಕಿಯಿಲ್ಲ, ಆ ಬ್ಯಾಟರಿ ದೀಪ ಬೇರೆ ಕಣ್ಣಿಗೆ ಚುಚ್ಚುತ್ತೆ... ಈ ಕೋಣೆಗೆ ಒಂದೇ ಬಾಗಿಲು ಇಟ್ಟವನು ಯಾರೋ, ಅವನನ್ನೇ ಒಂದು ದಿನ ಇದರೊಳಗೆ ಕೂರಿಸಬೇಕಿತ್ತು. ಬೆನ್ನು ನೆಟ್ಟಗೆ ಇಟ್ಟು ಕೂತ್ಕೊಳ್ಳಿ. ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ಬೆನ್ನಿಗೂ ಬೆಂಚಿಗೂ ನಡುವೆ ಮರದ ಸ್ಕೇಲ್ ತೂರಿಸಿ ನೋಡ್ತಿದ್ದರು. ಸ್ಕೇಲ್ ಜಾರಿ ಬಿದ್ದರೆ ಆ ದಿನ ಪೂರ್ತಿ ನಿಂತೇ ಪಾಠ ಕೇಳಬೇಕು. ನನ್ನದು ಒಂದು ಸಲವೂ ಬೀಳಲಿಲ್ಲ. ಗೊತ್ತು, ನೂರು ಸಲ ಹೇಳಿದ್ದೀನಿ. ನೂರೊಂದನೇ ಸಲ ಕೇಳಿ.

ಏನು ನೋಡ್ತಿದೀರಿ ಬೀಗವನ್ನ?

ಬೆಳಿಗ್ಗೆ ಆ ಕೊಂಡಿಯಲ್ಲಿ ಗೊಂಚಲು ಬೀಗ ಇತ್ತು. ಒಳಗೆ ಕೆಲಸಕ್ಕೆ ಇಳಿದ ಪ್ರತಿಯೊಬ್ಬನದೂ ಒಂದೊಂದು. ಅವನವನ ಬೀಗ, ಅವನವನ ಜೇಬಿನಲ್ಲಿ ಕೀಲಿ. ನಾನು ಒಳಗಿದ್ದೀನಿ, ಕರೆಂಟ್ ಬಿಡಬೇಡಿ ಅಂತ ಹೇಳೋದಕ್ಕೆ ಅದಕ್ಕಿಂತ ಒಳ್ಳೆ ಭಾಷೆ ಇಲ್ಲ. ಆ ನಿಯಮ ತಂದವಳು ಯಾರು? ನಾನು. ಆವಾಗ ಎಲ್ಲರೂ ಎಷ್ಟು ಆಡ್ಕೊಂಡರು! "ಮೇಡಂ, ಸೈಕಲ್ಲಿಗೂ ಹಾಕೋಣವಾ, ಊಟದ ಡಬ್ಬಿಗೂ ಹಾಕೋಣವಾ?" ಆಡ್ಕೊಂಡವರೇ ಈಗ ಬೀಗ ಇಲ್ಲದೆ ಒಳಗೆ ಕಾಲಿಡೋದಿಲ್ಲ. ಎಲ್ಲರೂ ಕೆಲಸ ಮುಗಿಸಿ ತಮ್ಮ ತಮ್ಮ ಬೀಗ ಬಿಚ್ಚಿಕೊಂಡು ಹೋದರು. ನಿಮ್ಮದೂ ಹೋಯ್ತು. ನನ್ನದೊಂದು ಉಳೀತು. ಉಳಿದರೆ ಏನಾಯ್ತು ಈಗ?

ಹೊರಗೆ ಜನರೇಟರ್ ಓಡ್ತಾ ಇದೆ, ಕೇಳಿಸ್ತಿದೆಯಲ್ಲ. ಕುಲುಮೆಗೆ ಏನೂ ಆಗೋದಿಲ್ಲ. ಗಾಜು ಬಿಸಿಯಾಗೇ ಇರುತ್ತೆ. ರಾತ್ರಿಯವರೆಗೆ ಜನರೇಟರ್ ಆರಾಮಾಗಿ ಎಳೆಯುತ್ತೆ. ಬಾಟಲಿ ಮಾಡೋ ಯಂತ್ರ ಒಂದಿಷ್ಟು ಹೊತ್ತು ನಿಂತಿದ್ದರೆ ಜಗತ್ತು ಬಾಯಾರಿ ಸಾಯೋದಿಲ್ಲ.

ಹಾಗೆ ಹುಬ್ಬು ಏರಿಸಬೇಡಿ. ಗೊತ್ತು, "ಹೇಳಿದ ಹೊತ್ತಿಗೆ ಕರೆಂಟ್ ಕೊಡ್ತೀನಿ" ಅಂತ ಮೀಟಿಂಗಿನಲ್ಲಿ ಮೇಜು ಕುಟ್ಟಿದವಳು ನಾನೇ. ಕುಟ್ಟದೇ ಇದ್ದಿದ್ದರೆ ಎಲ್ಲ ಬಿಚ್ಚಿ ನೋಡೋಕೆ ಈ ಒಂದು ದಿನ ಸಿಗ್ತಿತ್ತಾ? ಎಷ್ಟು ವರ್ಷ ಅವನ ಕೋಣೆಯ ಮುಂದೆ ನಿಂತೆ ನಾನು! "ಚೆನ್ನಾಗಿ ಓಡ್ತಿರೋದನ್ನ ಯಾಕೆ ಬಿಚ್ಚಬೇಕು, ಮೇಡಂ?" ಅದೊಂದೇ ರಾಗ. ಓಡ್ತಿರೋವಾಗ ಬಿಚ್ಚಬೇಕಪ್ಪಾ, ನಿಂತ ಮೇಲೆ ಬಿಚ್ಚಿದರೆ ಅದು ರಿಪೇರಿಯಲ್ಲ, ಮರಣೋತ್ತರ ಪರೀಕ್ಷೆ. ತಾಮ್ರ ಬಿಸಿಯಾಗುತ್ತೆ, ತಣ್ಣಗಾಗುತ್ತೆ, ಹಿಗ್ಗುತ್ತೆ, ಕುಗ್ಗುತ್ತೆ, ಹೀಗೆ ವರ್ಷವೆಲ್ಲ. ಬೋಲ್ಟು ಕೂದಲೆಳೆಯಷ್ಟು ಸಡಿಲ ಆಗುತ್ತೆ. ಸಡಿಲ ಆದ ಕಡೆ ಇನ್ನಷ್ಟು ಬಿಸಿ, ಬಿಸಿ ಆದ ಕಡೆ ಇನ್ನಷ್ಟು ಸಡಿಲ. ಇದನ್ನ ಚಿಕ್ಕ ಮಕ್ಕಳಿಗೆ ಹೇಳಿದರೂ ತಿಳಿಯುತ್ತೆ. ಅವನು ಗಡಿಯಾರ ನೋಡ್ತಾನೆ.

ಆ ವರ್ಷ ನೆನಪಿದೆಯಾ? ಬೆಂಕಿ ಬಣ್ಣಕ್ಕೆ ತಿರುಗಿದ ಜಾಯಿಂಟಿನ ಚಿತ್ರವನ್ನ ಶಾಖ ತೋರಿಸೋ ಕ್ಯಾಮೆರಾದಲ್ಲಿ ತೆಗೆದು ಅವನ ಮೇಜಿನ ಮೇಲೆ ಇಟ್ಟಿದ್ದೆ. ಚಹಾ ಲೋಟ ಇಡೋಕೆ ಬಳಸ್ಕೊಂಡ ಅದನ್ನ! ಆಮೇಲೆ ಏನಾಯ್ತು? ಡಮ್ ಅಂತ ಒಂದೇ ಸದ್ದು, ಇಡೀ ಕಾರ್ಖಾನೆ ಕತ್ತಲು. ಆಗ ಈ ಜನರೇಟರೂ ಇರಲಿಲ್ಲ, ಕುಲುಮೆಯ ಬಾಯಲ್ಲಿ ಗಾಜು ಕಲ್ಲಾಗಿ ಕೂತುಬಿಟ್ಟಿತು. ಗಂಡಸರೆಲ್ಲ ಸುತ್ತಿಗೆ ಹಿಡಿದು ವಾರಗಟ್ಟಲೆ ಕುಟ್ಟಿದರು, ನೀವೂ ಕುಟ್ಟಿದ್ರಿ, ಕೈಯೆಲ್ಲ ಗುಳ್ಳೆ ಬಂದು ಅನ್ನ ಕಲಸೋಕೂ ಆಗ್ತಿರಲಿಲ್ಲ ನಿಮಗೆ. ಆಗ ಅವನೇನಂದ? "ಯಾರಿಗೆ ಗೊತ್ತಿತ್ತು ಹೀಗಾಗುತ್ತೆ ಅಂತ!" ಯಾರಿಗೆ ಗೊತ್ತಿತ್ತು ಅಂತೆ. ಅವನ ಚಹಾ ಲೋಟಕ್ಕೆ ಗೊತ್ತಿತ್ತು.

ಆ ದಿನ ಯಾರಿಗೂ ಏನೂ ಆಗಲಿಲ್ಲ. ಪ್ಯಾನೆಲ್ ಮುಂದೆ ಯಾರೂ ನಿಂತಿರಲಿಲ್ಲ, ಅದೃಷ್ಟ. ಅದರ ಬಾಗಿಲು ಕಿತ್ತು ಹೋಗಿ ಎದುರಿನ ಗೋಡೆಗೆ ಬಡಿದಿತ್ತು.

ಎದ್ದು ನಿಂತ್ರಾ? ಯಾಕೆ? ಕೂತ್ಕೊಳ್ಳಿ ಅಂದೆನಲ್ಲ.

ಆಯ್ತು. ಸ್ವಿಚ್ ಹಾಕೋಕೆ ತಯಾರಾಗಿದ್ದೀರಿ ಅಂತ ತೋರಿಸ್ತಿದೀರಿ. ತಯಾರಾ? ಎಲ್ಲಿ, ಇಲ್ಲಿ ತಿರುಗಿ. ಈ ಶರಟು ಯಾವುದು? ಮುಟ್ಟಿದರೇ ಗೊತ್ತಾಗುತ್ತೆ, ಇದರಲ್ಲಿ ಹತ್ತಿ ಇಲ್ಲ. ಕಿಡಿ ಹಾರಿದರೆ ಮೈಗೆ ಅಂಟಿಕೊಳ್ಳುತ್ತೆ ಇದು. ಬ್ರೇಕರ್ ಹಾಕೋವಾಗ ಹತ್ತಿ ಬಟ್ಟೆ, ಪೂರ್ತಿ ತೋಳು, ಕತ್ತಿನವರೆಗೆ ಗುಂಡಿ. ಹೇಳಿದ್ದೆನಾ ಇಲ್ಲವಾ? ಹೋಗಿ, ಆ ಕಪಾಟಿನಲ್ಲಿ ನೀಲಿ ಕೋಟಿದೆ, ಹಾಕ್ಕೊಳ್ಳಿ. ನಿಧಾನ, ಅವಸರ ಏನಿಲ್ಲ.

...ಫೋನ್ ನಿಂತಿತು. ನೋಡಿದ್ರಾ? ತಾನೇ ಬಾಯಿ ಮುಚ್ಚಿಕೊಳ್ಳುತ್ತೆ.

ಹಾಕ್ಕೊಂಡ್ರಾ? ಕತ್ತಿನ ಗುಂಡಿ? ಅದನ್ನೂ ಹಾಕಿ. ಉಸಿರು ಕಟ್ಟಿದರೆ ಕಟ್ಟಲಿ. ಒಂದು ಮಾತೂ ಆಡದೆ ಹಾಕ್ಕೊಂಡ್ರಲ್ಲ... ಮನೆಯಲ್ಲಿ ಸ್ವೆಟರ್ ಹಾಕ್ಕೊಳ್ಳಿ ಅಂದರೆ ಮಹಾಯುದ್ಧ ಆಗುತ್ತೆ.

ಏನು? ಪ್ಯಾನೆಲ್ ಕಡೆ ಏನು ನೋಟ? ಹಿಂಬದಿಯ ಹೊದಿಕೆ ಹಾಕಿದ್ದು ನೀವೇ ಅಲ್ಲವಾ, ನೀವೂ ನಿಮ್ಮ ಹುಡುಗರೂ. ಒಳಗೆ ನೋಡಿದ್ರಲ್ಲ. ಬೂದಿ ಬಣ್ಣದ ಧೂಳಿತ್ತಲ್ಲ, ಬೆರಳಿನಲ್ಲಿ ಬರೆದರೆ ಅಕ್ಷರ ಮೂಡ್ತಿತ್ತು, ಈಗ ಮುಖ ನೋಡ್ಕೊಳ್ಳಬಹುದು. ಕರೆಂಟ್ ತಡೆಯೋ ಪಿಂಗಾಣಿ ಬಿಲ್ಲೆಗಳನ್ನೆಲ್ಲ ಒಂದೊಂದಾಗಿ ಒರೆಸಿದ್ದು. ಬಿರುಕು ಬಿಟ್ಟಿದ್ದನ್ನ ಬದಲಾಯಿಸಿದ್ದು. ಇನ್ನು ಮೇನ್ ಜಾಯಿಂಟು... ಅದನ್ನ ನಾನೇ ಮಾಡಿದೆ. ಬೇರೆ ಯಾರಿಗೂ ಬಿಡಲಿಲ್ಲ. ಹೊರಗಿನಿಂದ ಬರೋ ಕರೆಂಟೆಲ್ಲ ಅದರ ಮೂಲಕವೇ ಹಾಯಬೇಕು. ಅದನ್ನ ಇನ್ನೊಬ್ಬರ ಕೈಗೆ ಕೊಡೋದುಂಟಾ? ಸ್ಪ್ಯಾನರ್ ಹಾಕಬೇಕು, ಬಿಗಿ ಸಾಕು ಅಂತ ಅದು ಟಿಕ್ ಅನ್ನೋವರೆಗೆ ಬಿಗೀಬೇಕು, ಟಿಕ್ ಅಂದ ಮೇಲೆ ನಟ್ಟಿನ ಮೇಲಿಂದ ತಾಮ್ರದ ಪಟ್ಟಿಯ ಮೇಲೆ ಹಾಯೋ ಹಾಗೆ ಒಂದು ಕೆಂಪು ಗೆರೆ. ಮೊದಲು ಟಿಕ್, ಆಮೇಲೆ ಗೆರೆ. ಗೆರೆ ಇದ್ದರೆ ಬಿಗಿದಿದೆ ಅಂತ ಅರ್ಥ. ಮುಂದೆ ಯಾವತ್ತಾದರೂ ನಟ್ಟು ಅಲ್ಲಾಡಿದರೆ ಗೆರೆ ಮುರಿದು ಕಾಣುತ್ತೆ. ನೋಡಿದವನಿಗೆ ಕ್ಷಣದಲ್ಲಿ ಗೊತ್ತಾಗುತ್ತೆ. ಎಷ್ಟು ಚೆಂದದ ಪದ್ಧತಿ! ಎಲ್ಲ ಬೋಲ್ಟಿನ ಮೇಲೂ ಗೆರೆ ಇದೆ. ಸಾಲಾಗಿ, ಸ್ಕೇಲ್ ಇಟ್ಟು ಎಳೆದ ಹಾಗೆ. ಒಂದೂ ಬಿಟ್ಟಿಲ್ಲ.

ಒಂದೂ ಬಿಟ್ಟಿಲ್ಲ ಅಂತ ಹೇಳ್ತಿದ್ದೀನಿ. ನೆಲ ಯಾಕೆ ನೋಡ್ತೀರಿ?

ನಮ್ಮ ವಿಭಾಗದಲ್ಲಿದ್ದ ಏಣಿ ನೆನಪಾದನಾ? ಹೌದು, ಅವನದೇ ಕಥೆ ನೆನಪಾಗಿರಬೇಕು ನಿಮಗೆ. ಅವನ ಉದ್ದಕ್ಕೆ ಏಣಿ ಅಂತಾನೇ ಹೆಸರಾಯ್ತು, ನಿಜವಾದ ಹೆಸರು ಅವನ ಹೆಂಡತಿಗೂ ಮರೆತಿರಬೇಕು. ಅವನನ್ನ ನಾನು ಪ್ಯಾಕಿಂಗ್ ಶೆಡ್ಡಿಗೆ ಹಾಕಿದ್ದು ತಪ್ಪು ಅಂತ ನೀವು ಇವತ್ತಿಗೂ ಮುಖ ಊದಿಸ್ತೀರಿ. ತಪ್ಪೇನು? ಗೆರೆ ಮೊದಲು ಎಳೆದುಬಿಟ್ಟಿದ್ದ. ಎಲ್ಲ ಗೆರೆ ಎಳೆದು, ಆಮೇಲೆ ಬಿಗೀತೀನಿ ಅಂತ ಬೀಡಿ ಸೇದೋಕೆ ಹೋಗಿದ್ದ. ಬಿಗಿದೇ ಇಲ್ಲದ ಬೋಲ್ಟಿನ ಮೇಲೆ ಗೆರೆ! ಅದು ಸುಳ್ಳು ಸಾಕ್ಷಿ. ಹಾಗಂತಲೇ ಎಲ್ಲರ ಮುಂದೆ ಹೇಳಿದೆ ಅವನಿಗೆ. "ಈ ಗೆರೆ ನಂಬಿ ಒಬ್ಬ ಮನುಷ್ಯ ಇದರ ಮುಂದೆ ನಿಲ್ತಾನೆ, ಗೊತ್ತಾ ನಿನಗೆ" ಅಂತ ಹೇಳಿದೆ. ಅವನು ಅತ್ತುಬಿಟ್ಟ. ಅಷ್ಟುದ್ದದ ಗಂಡಸು. ನೀವು ಆ ರಾತ್ರಿ ನನ್ನ ಹತ್ತಿರ ಮಾತಾಡಲಿಲ್ಲ... ಆದರೂ ನಾನು ಸೋಲಲಿಲ್ಲ. ಈಗಲೂ ಹೇಳ್ತೀನಿ, ಸರಿಯಾಗೇ ಮಾಡಿದೆ. ಬೇರೆ ಯಾರು ಮಾಡಿದ್ದರೂ ಹಾಗೇ ಮಾಡ್ತಿದ್ದೆ.

ಯಾರೇ ಮಾಡಿದ್ದರೂ.

ಬಿಸಿ ಜಾಸ್ತಿ ಆಯ್ತು ಇಲ್ಲಿ. ನೀರು ಇದೆಯಾ ಆ ಬಾಟಲಿಯಲ್ಲಿ? ಕೊಡಿ... ನಮ್ಮದೇ ಬಾಟಲಿ. ಕತ್ತು ಒಂಚೂರು ಸೊಟ್ಟ ಇದೆ. ಎಂಥ ಕೆಲಸ ಮಾಡ್ತಾರಪ್ಪಾ.

ಬಾಟಲಿ ಜಾರ್ತಿದೆ, ಬೆವರಿಗೆ.

ನಿಲ್ಲಿ, ನಿಲ್ಲಿ. ಎಲ್ಲಿ ಹೊರಟ್ರಿ ಬ್ರೇಕರ್ ಹತ್ತಿರ? ಕೈ ತೋರಿಸಿ. ಎರಡೂ ಕೈ. ಇದೇನಿದು? ಉಂಗುರ! ಕರೆಂಟಿನ ಮುಂದೆ ಲೋಹ ಹಾಕ್ಕೊಂಡು ನಿಲ್ಲೋದಾ? ಎಷ್ಟು ವರ್ಷದಿಂದ ಇದನ್ನ ನೋಡದೇ ಬಿಟ್ಟಿದ್ದೆ ನಾನು, ನನಗೇ ನಾಚಿಕೆ ಆಗ್ತಿದೆ. ತೆಗೀರಿ. ಮದುವೆ ಉಂಗುರ ಅಂತ ಕರೆಂಟಿಗೆ ಗೊತ್ತಾಗುತ್ತಾ? ತೆಗೀರಿ ಅಂದರೆ ತೆಗೀರಿ. ಬರ್ತಾ ಇಲ್ಲವಾ? ಬರೋದಿಲ್ಲ, ನನಗೆ ಗೊತ್ತು, ಬೆರಳು ಊದಿಕೊಂಡಿದೆ. ಹಾಗಿದ್ದ ಮೇಲೆ ಇವತ್ತು ಸ್ವಿಚ್ ಹಾಕೋದು ಬೇಡ. ಬೇರೆ ಆಪರೇಟರ್ ನಾಳೆ ಬರ್ತಾನೆ, ಅವನು ಹಾಕ್ತಾನೆ. ಮ್ಯಾನೇಜರಿಗೆ ಹೇಳಿ, ಆಪರೇಟರನ ಉಂಗುರ ಬರ್ತಿಲ್ಲ ಅಂತ. ಹೇಳಿ!... ನಗಬೇಡಿ, ನಾನು ತಮಾಷೆ ಮಾಡ್ತಿಲ್ಲ.

ಎಲ್ಲಿಗೆ? ಸೋಪಾ?

ಬೇಡ ರೀ. ಚರ್ಮ ಕಿತ್ತು ಬರುತ್ತೆ. ಬಿಡಿ ಅದನ್ನ. ತಿರುಗಿಸಬೇಡಿ ಹಾಗೆ, ನೋವಾಗುತ್ತೆ... ಅಯ್ಯೋ, ಎಂಥ ಮೊಂಡು ಮನುಷ್ಯನಪ್ಪಾ ಇವನು!

ಬಂತಾ.

ನನ್ನ ಕೈಗೆ ಯಾಕೆ ಕೊಡ್ತಿದೀರಿ? ನಿಮ್ಮ ಜೇಬಿನಲ್ಲಿ ಇಟ್ಕೊಳ್ಳಿ. ಹೌದು, ಜೇಬಿನಲ್ಲೂ ಲೋಹ ಇರಬಾರದು, ಆ ನಿಯಮವೂ ನನ್ನದೇ. ಕೊಡಿ... ಇನ್ನೂ ಬೆಚ್ಚಗಿದೆ. ಬೆರಳಿನ ಬುಡ ನೋಡಿ ಹೇಗಾಗಿದೆ, ಮಗುವಿನ ಚರ್ಮದ ಹಾಗೆ ಬಿಳಿ. ಅಲ್ಲಿ ಬಿಸಿಲೇ ಬಿದ್ದಿಲ್ಲ ಇಷ್ಟು ವರ್ಷ.

ಯಾಕೆ ಹಾಗೆ ನೋಡ್ತೀರಿ ನನ್ನ? ಏನಾದರೂ ಹೇಳಬೇಕಿದ್ದರೆ ಹೇಳಿ. ಬಾಯಿ ಇದೆಯಲ್ಲ. ನಿಮ್ಮ ಈ ಮೌನಕ್ಕೆ ಹೆದರೋ ಹೆಂಗಸಲ್ಲ ನಾನು. ಮನೆಯ ಗಡಿಯಾರಕ್ಕಿಂತ ಕಡಿಮೆ ಮಾತು ನಿಮ್ಮದು. ಮಗಳು ಕೇಳ್ತಿದ್ದಳು, "ಅಮ್ಮಾ, ಅಪ್ಪ ನಿನ್ನನ್ನ ಮದುವೆ ಆಗ್ತೀಯಾ ಅಂತ ಹೇಗೆ ಕೇಳಿದ್ರು, ಸನ್ನೆ ಮಾಡಿದ್ರಾ?" ಅಂತ. ನಾನೇ ಕೇಳಿದ್ದು ಅಂತ ಇನ್ನೂ ಅವಳಿಗೆ ಹೇಳಿಲ್ಲ.

ಅದು ಯಾರು ಬಾಗಿಲು ಬಡೀತಿರೋದು?

ತೆಗೀಬೇಡಿ. ಒಳಗಿನಿಂದ ಚಿಲಕ ಹಾಕಿದ್ದೀನಿ. ...ಹಾಂ? ಕೇಳಿಸ್ತಿದೆ, ಕೂಗಬೇಡಿ ಹೊರಗಿಂದ! ಬರ್ತೀವಿ! ...ಏನಂದ ಹೊರಗಿನ ಹುಡುಗ? ಕತ್ತರಿ? ಬೀಗ ಕತ್ತರಿಸೋ ಕತ್ತರಿ ತರೋಕೆ ಕಳಿಸಿದ್ದಾನಾ ಮ್ಯಾನೇಜರು? ನನ್ನ ಬೀಗವನ್ನಾ?

ಆಗಲಿ. ಕತ್ತರಿಸಲಿ. ಇಷ್ಟು ವರ್ಷದಲ್ಲಿ ಒಬ್ಬರ ಬೀಗವನ್ನ ಇನ್ನೊಬ್ಬರು ಕತ್ತರಿಸಿದ್ದು ಇಲ್ಲ ಇಲ್ಲಿ. ಕತ್ತರಿಸಿದ ಮೇಲೆ ಏನು? ನಿಮ್ಮ ಕಡೆ ಬೆರಳು ತೋರಿಸಿ, "ಹಾಕಿ" ಅಂತಾನೆ. ನೀವು ಹಾಕ್ತೀರಿ. ಹಾಕ್ತೀರಾ?

ತಲೆ ಅಲ್ಲಾಡಿಸ್ತೀರಲ್ಲ... ಹಾಕ್ತೀರಿ.

ನಿಮಗೆ ಗೊತ್ತಿಲ್ಲ ರೀ, ನಾನು ಯಾವುದರ ನಡುವೆ ಕೂತಿದ್ದೀನಿ ಅಂತ. ಈಗ ಏನಾದರೂ ಸರಿಯಿಲ್ಲ, ಇನ್ನೊಂದು ಸಲ ಬಿಚ್ಚಬೇಕು ಅಂದರೆ ಏನಾಗುತ್ತೆ ಗೊತ್ತಾ? ಮುಂದಿನ ವರ್ಷ ಈ ದಿನ ಸಿಗೋದಿಲ್ಲ. ಯಾವತ್ತೂ ಸಿಗೋದಿಲ್ಲ. "ಮೇಡಂ, ನೀವು ಬಿಚ್ಚಿದ್ದಕ್ಕೇ ಹಾಳಾಯ್ತು" ಅಂತಾನೆ. ಮೀಟಿಂಗಿನಲ್ಲಿ ಎಲ್ಲರ ಮುಂದೆ ಅಂತಾನೆ. ಆಮೇಲೆ ಧೂಳು ಕೂರುತ್ತೆ, ಬೋಲ್ಟು ಸಡಿಲ ಆಗುತ್ತೆ, ಯಾರೂ ನೋಡೋದಿಲ್ಲ, ಒಂದು ದಿನ ಡಮ್ ಅಂತ... ಆವತ್ತು ಅದರ ಮುಂದೆ ಯಾರು ನಿಂತಿರ್ತಾರೋ. ನಾನು ಅವಮಾನಕ್ಕೆ ಹೆದರ್ತೀನಿ ಅಂದ್ಕೊಂಡ್ರಾ? ಈ ಕಾರ್ಖಾನೆಗೋಸ್ಕರ ಹೇಳ್ತಿರೋದು ನಾನು. ಅವಮಾನ ಏನು ದೊಡ್ಡದು ನನಗೆ!

...ಸ್ವಲ್ಪ ದೊಡ್ಡದೇ. ಸರಿ. ಒಪ್ಕೊಂಡೆ. ಏಣಿ ಪ್ಯಾಕಿಂಗ್ ಶೆಡ್ಡಿನಲ್ಲಿ ಕೂತು ಕೇಳಿಸ್ಕೊಳ್ತಾನಲ್ಲ, ಅದು ದೊಡ್ಡದು.

ನಾನೇನು ಹೇಳ್ತಿದ್ದೆ... ಸರಿಯಿಲ್ಲ ಅಂದರೆ ಅಂತ ತಾನೆ. ಅಂದರೆ, ಹಾಗೇನಾದರೂ ಇದ್ದಿದ್ದರೆ ಅಂತ. ಇದೆ ಅಂತ ಅಲ್ಲ.

ಮುಖದ ಕವಚ ಹಾಕ್ಕೊಂಡ್ರಾ. ಸರಿ. ಗೀರು ಬಿದ್ದಿದೆ ಅದರ ಮೇಲೆ, ಕಾಣಿಸುತ್ತಾ ನಿಮಗೆ? ಕಾಣಿಸುತ್ತಾ? ಆಯ್ತು. ಕೈಗವಸು? ಗಾಳಿ ಊದಿ ನೋಡಿದ್ರಾ, ತೂತಿಲ್ಲವಲ್ಲ? ಊದಿ ಮತ್ತೆ. ಸರಿ. ನೇರವಾಗಿ ಮುಂದೆ ನಿಲ್ಲಬೇಡಿ. ಪಕ್ಕಕ್ಕೆ, ಪ್ಯಾನೆಲ್ ಬಾಗಿಲಿನ ಕೀಲಿನ ಕಡೆಗೆ. ಮುಖ ಆಚೆ ತಿರುಗಿಸಿ ಬ್ರೇಕರಿನ ಹಿಡಿ ಎಳೀಬೇಕು. ಎಡಗೈ ಬೆನ್ನ ಹಿಂದೆ. ಇನ್ನೂ ಪಕ್ಕಕ್ಕೆ... ಇನ್ನೂ. ಅಲ್ಲಿಂದ ಹಿಡಿ ಸಿಗೋದಿಲ್ಲ, ಗೊತ್ತು. ಆದರೂ ಇನ್ನೂ ಪಕ್ಕಕ್ಕೆ ಹೋಗಿ ರೀ!

ಹೋಗೋದಿಲ್ಲವಾ. ಗೋಡೆ ಬಂತಾ. ಹೂಂ.

ಈಗೇನು? ನಿಂತಿದ್ದೀರಿ. ಕೋಟು ಆಯ್ತು, ಉಂಗುರ ಆಯ್ತು, ಕವಚ ಆಯ್ತು. ಕೈ ಚಾಚಿದ್ದೀರಿ. ಬೀಗ ತೆಗಿ ಅಂತ. ಅಷ್ಟೇ ತಾನೆ ಬಾಕಿ? ಬೇರೇನೂ ಇಲ್ಲವಾ? ನೀವು ಏನೋ ಮರೆತಿದ್ದೀರಿ.

ಮರೆತಿದ್ದೀರಿ. ಯೋಚನೆ ಮಾಡಿ. ಬ್ರೇಕರ್ ಹಾಕೋ ಮೊದಲು ಆಪರೇಟರ್ ಏನು ಮಾಡಬೇಕು? ಕೆಲಸ ಮಾಡಿದವರ ಕಣ್ಣು ನೋಡಿ ಒಂದು ಮಾತು ಕೇಳಬೇಕು. "ಆಯ್ತಾ?" ಅಂತ. ಅವರು "ಆಯ್ತು" ಅನ್ನಬೇಕು. ಆಮೇಲೇ ಹಿಡಿಗೆ ಕೈ. ಅದು ಯಾವ ಫಲಕದಲ್ಲೂ ಬರೆದಿಲ್ಲ, ಅದೊಂದು ನಿಯಮ ನಾನು ತಂದದ್ದಲ್ಲ, ನಿಮ್ಮದು. ನಾನು ಈ ಕಾರ್ಖಾನೆಗೆ ಬಂದ ಮೊದಲನೇ ದಿನ ನನ್ನ ಹತ್ತಿರ ನೀವು ಆಡಿದ ಮೊದಲನೇ ಮಾತೇ ಅದು. ಹೊಸ ಹುಡುಗಿ, ಎಲ್ಲರೂ ಪಕ್ಕಕ್ಕೆ ನಿಂತು ನೋಡ್ತಿದ್ದರು, ನೀವೊಬ್ಬರು ನನ್ನ ಕಣ್ಣು ನೋಡಿ "ಆಯ್ತಾ?" ಅಂದ್ರಿ. ಅಲ್ಲಿಂದ ಇಲ್ಲಿಯವರೆಗೆ ಒಂದು ಸಲವೂ ಕೇಳದೇ ಹಾಕಿದವರಲ್ಲ ನೀವು. ಜಗಳ ಆಡ್ಕೊಂಡು ಬಂದ ದಿನವೂ ಕೇಳಿದ್ದೀರಿ. ಜ್ವರ ಬಂದ ದಿನವೂ.

ಇವತ್ತು ಯಾಕೆ ಕೇಳ್ತಿಲ್ಲ?

ಬಾಯಿ ಒಣಗಿದೆಯಾ? ಕೇಳಿ. ಎರಡಕ್ಷರ. ಕೇಳಿದರೆ ನಾನು ಹೇಳ್ತೀನಿ. "ಆಯ್ತು" ಅಂತ ಹೇಳ್ತೀನಿ, ಬೀಗ ತೆಗೀತೀನಿ, ನೀವು ಹಾಕಿ, ಮನೆಗೆ ಹೋಗೋಣ.

ಕೇಳ್ರೀ!

...ಕವಚ ಮೇಲೆತ್ತಿ. ನಿಮ್ಮ ಮುಖ ಕಾಣಬೇಕು ನನಗೆ. ಎತ್ತಿ.

ಅಯ್ಯೋ.

ಗೊತ್ತು ನಿಮಗೆ. ಗೊತ್ತು ಅಲ್ಲವಾ? ಹೊದಿಕೆ ಹಾಕೋವಾಗ ಟಾರ್ಚ್ ಹಿಡ್ಕೊಂಡು ಅಷ್ಟು ಹೊತ್ತು ಒಳಗೆ ಬಗ್ಗಿದ್ದಿರಿ. ಸ್ಕ್ರೂ ಬಿದ್ದಿರಬೇಕು ಅಂದ್ಕೊಂಡೆ ನಾನು. ಗೆರೆ ನೋಡ್ತಿದ್ರಿ. ಮುರಿದ ಗೆರೆಗಳನ್ನ ನೋಡಿದ್ರಿ. ಟಿಕ್ ಆದ ಮೇಲೆ ಎಳೆದ ಗೆರೆ ಮುರಿಯೋದಿಲ್ಲ, ಗೆರೆ ಎಳೆದ ಮೇಲೆ ನಟ್ಟು ತಿರುಗಿದರೆ ಮಾತ್ರ ಮುರಿಯುತ್ತೆ. ನೋಡಿದವನಿಗೆ ಕ್ಷಣದಲ್ಲಿ ಗೊತ್ತಾಗುತ್ತೆ... ನೋಡಿದ್ರಿ, ನೋಡಿ ಹೊದಿಕೆ ಹಾಕಿ ಸ್ಕ್ರೂ ಬಿಗಿದು ಬಂದ್ರಿ. ಹುಡುಗರ ಮುಂದೆ ನನ್ನ ಮರ್ಯಾದೆ ಹೋಗಬಾರದು ಅಂತ. ಎಂಥ ಮನುಷ್ಯರು ರೀ ನೀವು! ಆಗಿನಿಂದ ಏನನ್ನೂ ಕೇಳದೆ... ಕೋಟು ಹಾಕು ಅಂದರೆ ಹಾಕ್ಕೊಂಡು, ಉಂಗುರ ತೆಗಿ ಅಂದರೆ ತೆಗೆದು...

ಪೆನ್ನು ಒಣಗ್ತಿತ್ತು. ಅಷ್ಟೇ. ಕೆಂಪು ಪೆನ್ನಿನ ಮುಚ್ಚಳ ಎಲ್ಲೋ ಬಿದ್ದುಹೋಗಿತ್ತು, ಒಂದು ಬೋಲ್ಟು ಬಿಗಿದು ಗೆರೆ ಎಳೆಯೋಷ್ಟರಲ್ಲಿ ತುದಿ ಗಟ್ಟಿಯಾಗ್ತಿತ್ತು. ಹಸಿ ಇರೋವಾಗ ಎಲ್ಲ ಗೆರೆ ಎಳೆದುಬಿಡೋಣ, ಆಮೇಲೆ ಬಿಗಿಯೋಣ ಅಂದ್ಕೊಂಡೆ. ನಾನು ತಾನೆ? ನಾನು ಮರೀತೀನಾ? ಬಿಗೀತಾ ಬಂದೆ, ಒಂದು, ಎರಡು, ಟಿಕ್, ಟಿಕ್... ಆಗ ಈ ಫೋನು. ಅವನದೇ. "ಮೇಡಂ, ಎಲ್ಲಿಗೆ ಬಂತು?" ಬಂದು ಮಾತಾಡಿದೆ, ಬೈದೆ, ವಾಪಸು ಹೋದೆ. ದೂರದಿಂದ ನೋಡಿದರೆ ಎಲ್ಲದರ ಮೇಲೂ ಗೆರೆ. ಸಾಲಾಗಿ. ಮುಗಿದಿದೆ ಅಂತ ಕಣ್ಣು ಹೇಳ್ತು, ನಾನು ನಂಬಿದೆ. "ಹೊದಿಕೆ ಹಾಕಿ" ಅಂತ ಕೂಗಿದೆ. ಆಮೇಲೆ ಕೂತು ಚಹಾ ಕುಡೀತಿದ್ದಾಗ... ಕೊನೆಯ ಟಿಕ್ ಯಾವುದು ಅಂತ ನೆನಪು ಮಾಡ್ಕೊಳ್ಳೋಕೆ ಹೋದೆ. ಕಿವಿಯಲ್ಲಿ ಇರಲಿಲ್ಲ ಅದು. ಇನ್ನೂ ಹುಡುಕ್ತಿದ್ದೀನಿ.

ಮುರಿದ ಗೆರೆಯವು ಬಿಗಿದವು. ನೇರವಾಗಿರೋವೇ... ನೇರವಾಗಿ ಚೆಂದ ಕಾಣಿಸೋವೇ ಗೊತ್ತಿಲ್ಲ.

ನಿಮಗೆ ಅದು ಗೊತ್ತಿತ್ತು. ಗೊತ್ತಿದ್ದೂ ಅದರ ಮುಂದೆ ಬಂದು ನಿಂತ್ರಿ. ಯಾಕೆ ಕೇಳಲಿಲ್ಲ? ಹೇಳಿ, ನನಗೆ ಹೇಳಿ, ಯಾಕೆ ಕೇಳಲಿಲ್ಲ ನೀವು?

ಕೇಳಿದ್ದರೆ ನಾನು ಸುಳ್ಳು ಹೇಳ್ತಿದ್ದೆ. ಅದಕ್ಕೇ ಅಲ್ಲವಾ?

ಅಲ್ಲವಾ.

ನನ್ನ ಬಾಯಿಂದ ಆ ಸುಳ್ಳು ಬರಬಾರದು ಅಂತ, ಕೇಳದೇ ಹಾಕಿಬಿಡೋಣ ಅಂತ ಇದ್ರಾ? ಬಿಗಿಯಾಗಿದ್ದರೆ ಸರಿ, ಇಲ್ಲದಿದ್ದರೆ... ಇಲ್ಲದಿದ್ದರೆ ನಾನು ಯಾರ ಹತ್ತಿರ ಜಗಳ ಆಡಬೇಕಿತ್ತು ರೀ? ಈ ಗೋಡೆಯ ಹತ್ತಿರವಾ? ನಾನು ಹೇಳಿದ್ದಕ್ಕೆಲ್ಲ ಹೂಂ ಅಂದ ಹಾಗೆ ಇದಕ್ಕೂ ಹೂಂ ಅಂದುಬಿಡೋದಾ? ಯಾರು ಕೊಟ್ಟರು ನಿಮಗೆ ಆ ಅಧಿಕಾರ? ನಾನು ಕೊಟ್ಟಿಲ್ಲ!

ಅಳ್ತಿಲ್ಲ. ಬೆವರು.

ಬಂದ್ರು. ಕೇಳಿಸ್ತಾ, ಹೆಜ್ಜೆ? ತುಂಬ ಜನ ಇದ್ದಾರೆ. ಮ್ಯಾನೇಜರ್ ದನಿ. ಇಡೀ ಪಾಳಿ ಬಂದಿರೋ ಹಾಗಿದೆ ತಮಾಷೆ ನೋಡೋಕೆ. ಬಡೀರಿ, ಬಡೀರಿ, ಬಾಗಿಲು ಮುರಿದು ಹೋಗೋದಿಲ್ಲ... ಬಂದೆ!

ಅಲ್ಲಿಂದ ಈಚೆ ಬನ್ನಿ. ಅದರ ಮುಂದೆ ನಿಲ್ಲಬೇಡಿ, ಇಲ್ಲಿ, ನನ್ನ ಪಕ್ಕಕ್ಕೆ ಬನ್ನಿ. ಹತ್ತಿರ. ಹೂಂ.

ನನ್ನ ಕೂದಲು ಸರಿಯಾಗಿದೆಯಾ? ಮುಖ? ಇರಲಿ ಬಿಡಿ, ಹೇಗಿದ್ದರೆ ಏನು.

ಹೋಗಿ, ಚಿಲಕ ತೆಗೀರಿ. ಎಲ್ಲರೂ ಒಳಗೆ ಬರಲಿ. ಬಂದ ಮೇಲೆ, ಅವರೆಲ್ಲರ ಮುಂದೆ, ನನ್ನ ಕಣ್ಣು ನೋಡಿ, ಜೋರಾಗಿ ಕೇಳಿ. ಹಿಂದೆ ನಿಂತವನಿಗೂ ಕೇಳಿಸಬೇಕು. "ಆಯ್ತಾ?" ಅಂತ ಕೇಳಿ ರೀ.

ನಾನು ಉತ್ತರ ಹೇಳ್ತೀನಿ.